ಮೊದಲ ದಿನವೇ ಕೂಗಿಸಿದ ಹೆಸರು

ಪ್ರೆಯ್ ಸ್ವಾಯ್,
ಭಾದ್ರಪದ ಬಹುಳ ದಶಮಿ

ಕಿವಿಯನ್ನು ಮನೆಯಲ್ಲಿಟ್ಟು ಹೋದವಳೇ ಕುಂಥಿಯಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತು ಓದು. ಗೆಳತಿಯರ ನಡುವೆ ಹಲ್ಲು ಬಿಟ್ಟುಕೊಂಡು ಓದಬೇಡ, ಒಬ್ಬಳೇ ಓದು. ಹಡೆದ ನಾನು ಇಪ್ಪತ್ತು ವರ್ಷದಿಂದ ಸಾಯಗೊಡದೆ ಇಟ್ಟುಕೊಂಡ ಮಗನನ್ನು, ರಾಜಧಾನಿಗೆ ಕಾಲಿಟ್ಟ ಮೊದಲ ದಿನವೇ ಸಾಯಿಸಿಬಿಡು ಅಂತ ನಿನಗೆ ಹೇಳಿದವರು ಯಾರು? ಟೀಚರಾಗಲು ಹೋದವರಿಗೆ ಅಲ್ಲಿ ಕಲಿಸುವ ಮೊದಲ ಪಾಠ ಇದೇನಾ?

ಡ್ರೈವರ್ ಹೀಮ್ ನಿನ್ನ ಕಾಗದ ತಂದುಕೊಟ್ಟಾಗ ನಾನು ಕಂಬಗಳ ಮೇಲೆ ನಿಂತ ಮನೆಯ ಅಡಿಯ ನೆರಳಲ್ಲಿ ಕೂತು ಮೀನು ಹೆಚ್ಚುತ್ತಿದ್ದೆ. ನೆರೆಯ ಹೆಂಗಸರು ಸುತ್ತುಗಟ್ಟಿದರು. “ಗಟ್ಟಿಯಾಗಿ ಓದು ಯಾನಕ್ಕ, ನಾವೂ ನೋಮ್ ಪೆನ್ ನೋಡ್ಕೊಂಡ್ ಬರ್ತೀವಿ” ಅಂದರು. ನಾನೂ ಮೆರೆದುಕೊಂಡು ಓದಿದೆ. ಹೊಸದಾಗಿ ಸೇರಿದ ನಿಮ್ಮನ್ನೆಲ್ಲ ಒಂದು ಲಾರಿಯಲ್ಲಿ ತುಂಬಿಕೊಂಡು ಊರು ತೋರಿಸಲು ಹೊರಟಿದ್ದು, ಸ್ವಾತಂತ್ರ್ಯದ ಗೋಪುರಕ್ಕೆ ಸುತ್ತು ಹಾಕಿದ್ದು, ಅರಮನೆಯ ಹೊಂಬಣ್ಣದ ಮಾಡನ್ನು ಗೋಡೆಯ ಹೊರಗಿಂದ ಕತ್ತು ಚಾಚಿ ನೋಡಿದ್ದು. ಗುಡ್ಡದ ಮೇಲೆ ಕೋತಿಯೊಂದು ನಿನ್ನ ಗೆಳತಿ ರಾಥಾಳ ಕೈಯಿಂದ ಬ್ರೆಡ್ಡು ಕಿತ್ತುಕೊಂಡು, ಓಡಿಹೋಗದೆ, ಅವಳ ಎದುರಿಗೇ ಕಾಲು ಚಾಚಿ ಕೂತು ತಿಂದಿದ್ದು. ಗುಡ್ಡದ ಬುಡದಲ್ಲಿ ಆನೆಯೊಂದು ನಿನ್ನ ಹ್ಯಾಟು ಮೂಸಿದ್ದು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದರ ಕೆಳಗಿನ ಸಾಲು: ‘ಆಮೇಲೆ ನದಿಯ ದಂಡೆಯ ವಿಹಾರಕ್ಕೆ ಹೋದೆವು. ಪಿತೃಪಕ್ಷವಲ್ಲವೇ, ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಸತ್ತವರ ಹೆಸರು ಕೂಗಿಸಿದರು. ನಾನೂ ತಾತನದು, ಅಮ್ಮನದು, ಅಪ್ಪನದು ಕೂಗಿಸಿ ಪಿಂಡ ಇಟ್ಟೆ.’

ಕಾಗದ ಮಡಿಚಿದೆ. ತೊಡೆಯ ಮೇಲೆ ಕೂಸನ್ನು ಆಡಿಸುತ್ತಿದ್ದ ನಿನ್ನ ಸೋದರತ್ತೆ ಪೋವ್, “ಯಾಕಮ್ಮಾ ನಿಲ್ಲಿಸ್ದೆ? ಆನೆ ಏನಾಯ್ತು?” ಅಂದಳು.

“ಆನೆ ಸತ್ತುಹೋಯ್ತು” ಅಂದು ಎದ್ದುಬಂದೆ.

ನಿನಗೆ ಗೊತ್ತಿಲ್ಲದ್ದು ಇದರಲ್ಲಿ ಏನಿದೆ? ಬಾಂಬು ಬಿದ್ದು ಗದ್ದೆಯೆಲ್ಲ ಹೊಂಡವಾದ ಮೇಲೆ ನಿಮ್ಮಪ್ಪ ಸಾರುನ್ ರಿಕ್ಷಾ ತುಳಿಯಲು ನೀನೀಗ ಇರುವ ಪೇಟೆಗೇ ಹೋದ. ನಿನ್ನ ತಾಯಿಯ ಹೊಟ್ಟೆಯಲ್ಲಿ ಆಗ ನೀನಿದ್ದೆ. ಆಮೇಲೆ ಬಂದೂಕು ಹಿಡಿದ ಕರಿಬಟ್ಟೆಯ ಕ್ರಾಂತಿಯವರು ಬಂದು ಆ ಪೇಟೆಯನ್ನು ಗುಡಿಸಿದ ಹಾಗೆ ಖಾಲಿ ಮಾಡಿಸಿದರು. ಅವನು ಸತ್ತಿದ್ದನ್ನು ಕಂಡವರಿಲ್ಲ. ಬದುಕಿದ್ದನ್ನು ಕಂಡವರೂ ಇಲ್ಲ. ನಿನ್ನ ತಾಯಿ ಹಸಿವಿನಲ್ಲಿ ಸತ್ತಳು, ಅವಳನ್ನು ನನ್ನ ಕೈಯಾರೆ ಮಣ್ಣು ಮಾಡಿದೆ, ಅವಳ ಹೆಸರು ಕೂಗಿಸುತ್ತೇನೆ. ಇವನದನ್ನು ಹೇಗೆ ಕೂಗಿಸಲಿ? ಬದುಕಿರುವವನ ಹೆಸರನ್ನು ಸತ್ತವರ ಸಾಲಿನಲ್ಲಿ ಕೂಗಿದರೆ ಎಲ್ಲಿದ್ದರೂ ಅವನ ಪ್ರಾಣಗಳಿಗೆ ಕೇಳಿಸುತ್ತದೆ, ಓಹೋ ನಮ್ಮ ಕೆಲಸ ಮುಗಿಯಿತು ಅಂತ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಸತ್ತವನನ್ನು ಕೂಗದಿದ್ದರೆ ಪಕ್ಷದಲ್ಲಿ ಪ್ರೇತವಾಗಿ ಏಳು ವಿಹಾರ ಅಲೆದು, ತನ್ನ ಹೆಸರಿನ ಒಂದು ತುತ್ತೂ ಸಿಗದೆ, ಸೂಜಿಯಂಥ ಗಂಟಲು ಹೊತ್ತುಕೊಂಡು ಹಿಂದಿರುಗುತ್ತಾನೆ. ಎರಡೂ ನನಗೆ ಗೊತ್ತು. ಎರಡರಲ್ಲಿ ಯಾವುದಕ್ಕೆ ಹೆದರಬೇಕು ಅಂತ ನಾನು ತೀರ್ಮಾನ ಮಾಡಿದ್ದೆ. ನಿನ್ನನ್ನು ಯಾರೂ ಕೇಳಿರಲಿಲ್ಲ.

ನೀನು ಕೆಡಿಸಿದ್ದನ್ನು ನಾನು ಸರಿ ಮಾಡಬೇಕು. ನಾಳೆ ಊರಂಚಿಗೆ ಹೋಗಿ ಅವನ ಪ್ರಾಣಗಳನ್ನು ಕರೆಯುತ್ತೇನೆ. ಅಲ್ಲಿ ನೀನು ಏನಂದೆ, ಎಷ್ಟು ಗಟ್ಟಿಯಾಗಿ ಕೂಗಿದರು, ಊರಿನ ಹೆಸರನ್ನೂ ಹೇಳಿದೆಯಾ, ಎಲ್ಲ ಬರೆ. ಆನೆ ಕೋತಿ ಬೇಡ.

ನಿನ್ನ ಅಜ್ಜಿ,
ಯಾನ್

*

ನೋಮ್ ಪೆನ್,
3 ಅಕ್ಟೋಬರ್ 1994

ಪ್ರೀತಿಯ ಅಜ್ಜಿಗೆ ಕೈಮುಗಿದು ಕುಂಥಿಯಾ ಬರೆಯುವುದು.

ನೀವು ಹೇಳಿದ ಹಾಗೆ ಕೂತು ಓದಿದೆ, ಒಬ್ಬಳೇ ಓದಿದೆ. ಹಬ್ಬಕ್ಕೆ ಊರಿಗೆ ಬಂದು ಎದುರಿಗೇ ಬೈಸಿಕೊಳ್ಳೋಣ ಎಂದರೆ ಎರಡೇ ದಿನ ರಜೆ ಕೊಟ್ಟಿದ್ದಾರೆ.

ಅವತ್ತು ವಿಹಾರದ ಅಂಗಳದಲ್ಲಿ ಜಾತ್ರೆಯಷ್ಟು ಜನ. ಆಚಾರ್ಯರು ಮೈಕಿನ ಮುಂದೆ ಚಾಪೆ ಹಾಕಿಕೊಂಡು ಕೂತಿದ್ದರು. ಒಬ್ಬೊಬ್ಬರೂ ಅವರ ಕಿವಿಯ ಹತ್ತಿರ ಹೆಸರು ಹೇಳುವುದು, ಅವರು ಅದನ್ನು ಮೈಕಿನಲ್ಲಿ ಕೂಗುವುದು, ಭಿಕ್ಷುಗಳು ಮಂತ್ರ ಹೇಳುವುದು. ರಾಥಾ ಹೇಳಿದ ಹೆಸರುಗಳು ಮುಗಿಯಲೇ ಇಲ್ಲ. ಆಚಾರ್ಯರು, “ಸ್ವಲ್ಪ ಉಸಿರು ತಗೋ ತಾಯಿ, ನಾನೂ ತಗೋತೀನಿ” ಅಂದರು. ಎಲ್ಲರೂ ನಕ್ಕರು. ರಾಥಾಳೂ ನಕ್ಕಳು, ಆಮೇಲೆ ಅತ್ತಳು.

ನನ್ನ ಸರದಿ ಬಂತು. ತಾತನದು ಹೇಳಿದೆ, ಅಮ್ಮನದು ಹೇಳಿದೆ.

“ಅಪ್ಪ?” ಅಂದರು.

“ಇದಾರೋ ಇಲ್ವೋ ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋರಿಗೂ ಹಸಿವಾಗತ್ತೆ ಮಗಳೇ. ಹೇಳು.”

ಹಿಂದಿನವರು ತಳ್ಳುತ್ತಿದ್ದರು. ನಾನು ತಡವರಿಸಿದ್ದು ಗದ್ದಲಕ್ಕಲ್ಲ ಅಜ್ಜಿ. ನಮ್ಮ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಯಾರೂ ಹೇಳುವುದಿಲ್ಲ. ನೀವು ಹೇಳುವುದಿಲ್ಲ, ಅತ್ತೆಗೂ ಹೇಳಲು ಬಿಡುವುದಿಲ್ಲ. ಅಪ್ಪ ಎಂದು ನಾನು ಈವರೆಗೆ ಯಾರನ್ನೂ ಕರೆದಿಲ್ಲ. ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಆ ಹೆಸರನ್ನು ಬಾಯ್ತುಂಬ ಕೂಗುವುದನ್ನು ಕೇಳಬೇಕು ಅನಿಸಿತು. ಹೇಳಿದೆ. ಯಾವ ಊರು ಎಂದು ಕೇಳಿದರು. ಊರನ್ನೂ ಹೇಳಿದೆ, ನಿಮ್ಮ ಹೆಸರನ್ನೂ ಹೇಳಿದೆ. “ಪ್ರೆಯ್ ಸ್ವಾಯ್ ಊರಿನ ಯಾನಮ್ಮನ ಮಗ ಸಾರುನ್” ಎಂದು ಕೂಗಿದರು. ನದಿಯ ಆಚೆಗೂ ಕೇಳಿಸಿರಬೇಕು.

ಮೊದಲ ಕಾಗದದಲ್ಲಿ ಒಂದು ಸಂಗತಿ ಬರೆದಿರಲಿಲ್ಲ. ಅಂಗಳದ ಬೋಧಿ ಮರದ ಕೆಳಗೆ ರಿಕ್ಷಾದವನೊಬ್ಬ ಕೂತು ಬಾಳೆಲೆಯಲ್ಲಿ ಅನ್ನ ತಿನ್ನುತ್ತಿದ್ದ. ನಲವತ್ತು ದಾಟಿದ ವಯಸ್ಸು, ಒಂದು ಭುಜ ಇಳಿಬಿದ್ದಿದೆ. ಎಷ್ಟೊಂದು ಹೆಸರು ಕೂಗಿದರೂ ಬಗ್ಗಿಸಿದ ತಲೆ ಎತ್ತಿರಲಿಲ್ಲ. ಅಪ್ಪನ ಹೆಸರು ಕೂಗಿದ ಕೂಡಲೇ ಎತ್ತಿದ. ತುತ್ತು ಕೈಯಲ್ಲೇ ಉಳಿಯಿತು. ಎದ್ದು ನಿಂತು ಜನರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ. ಅಷ್ಟರಲ್ಲಿ ನಮ್ಮ ಲಾರಿಯವನು ಹಾರ್ನ್ ಹೊಡೆದ, ಎಲ್ಲರೂ ಓಡಿದೆವು. ಲಾರಿ ತಿರುಗುವವರೆಗೂ ಅವನು ಹಾಗೇ ನಿಂತಿದ್ದ. ಅಲ್ಲಿಂದ ಮಾರ್ಕೆಟ್ಟಿಗೆ ಹೋದೆವು. ಆ ದೊಡ್ಡ ಹಳದಿ ಗುಮ್ಮಟದ ಕೆಳಗೆ ಎಲ್ಲರೂ ಬ್ರೆಡ್ಡಿನಲ್ಲಿ ಐಸ್ ಕ್ರೀಮ್ ಇಡಿಸಿಕೊಂಡು ತಿಂದರು. ನನಗೆ ಯಾವುದರ ರುಚಿಯೂ ಹತ್ತಲಿಲ್ಲ.

ಅವತ್ತಿನಿಂದ ರಸ್ತೆಯಲ್ಲಿ ಯಾವ ರಿಕ್ಷಾ ಎದುರಾದರೂ ತುಳಿಯುವವನ ಮುಖ ನೋಡುತ್ತೇನೆ.

ನಿಮ್ಮ ಮೊಮ್ಮಗಳು,
ಕುಂಥಿಯಾ

*

ಪ್ರೆಯ್ ಸ್ವಾಯ್,
ಆಶ್ವಯುಜ ಶುದ್ಧ ಪಂಚಮಿ

ಕುಂಥಿಯಾ,

ತಲೆ ಎತ್ತಿದ ಅಂತ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೋ, ಕಾಗದ ಮಡಿಕೆಯಲ್ಲಿ ಹರಿದೇಹೋಯಿತು. ತನ್ನ ಹೆಸರಲ್ಲದೆ ಇನ್ನೊಬ್ಬನ ಹೆಸರಿಗೆ ಯಾರಾದರೂ ತುತ್ತು ಬಿಟ್ಟು ಏಳುತ್ತಾರೇನೇ? ಅದನ್ನು ಬಿಟ್ಟು ಕೋತಿ ಬ್ರೆಡ್ಡು ತಿಂದದ್ದನ್ನು ಮೊದಲು ಬರೆಯುತ್ತಾಳಂತೆ.

ನನ್ನ ಕೆಲಸ ನಾನು ಮಾಡಿದ್ದೇನೆ, ಕೇಳು. ಪಕ್ಷ ಮುಗಿಯುವ ಮೊದಲೇ, ಅವನ ಬಿಳಿ ಅಂಗಿ, ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಒಂದು ಹಿಡಿ ಅನ್ನ, ಮೀನು ಗೋರುವ ಬುಟ್ಟಿ ತೆಗೆದುಕೊಂಡು ಊರಂಚಿನ ಪೊದೆಗಳ ಹತ್ತಿರ ಹೋದೆ. ಹೆದರಿ ಜ್ವರ ಬಂದಾಗ ನಿನ್ನ ಪ್ರಾಣಗಳನ್ನು ಕರೆಯುತ್ತಿರಲಿಲ್ಲವೇ, ಹಾಗೇ. ಮನುಷ್ಯನ ಮೈಯಲ್ಲಿರುವ ಹತ್ತೊಂಬತ್ತು ಪ್ರಾಣಗಳನ್ನೂ ಕೂಗಿ ಕರೆದೆ. “ಕಾಡಲ್ಲಿರಬೇಡಿ, ನೀರಲ್ಲಿರಬೇಡಿ, ಪರರ ಊರಲ್ಲಿರಬೇಡಿ, ಬನ್ನಿ, ಮನೆ ಇದೆ, ಚಾಪೆ ಇದೆ, ಅಮ್ಮ ಇದಾಳೆ.” ಬುಟ್ಟಿಯಲ್ಲಿ ಗಾಳಿಯನ್ನು ಗೋರಿಗೋರಿ ಅಂಗಿಗೆ ಸುರಿದೆ. ಅಂಗಿಗೆ ಬಿಳಿ ದಾರ ಕಟ್ಟಿ ಮನೆಯ ನಡುಗಂಬಕ್ಕೆ ಬಿಗಿದಿದ್ದೇನೆ. ಕರೆದ ಪ್ರಾಣ ಕೂಡಿಕೊಳ್ಳುವುದು ಬದುಕಿರುವವನಿಗೇ. ಆ ವಿಹಾರದಲ್ಲಿ ನೀನು ಸಡಿಲ ಮಾಡಿದ್ದನ್ನು ಇಲ್ಲಿ ಬಿಗಿ ಮಾಡಿದ್ದೇನೆ.

ಪೋವ್ ನೋಡಿ ನಗುತ್ತಾಳೆ. “ಅಮ್ಮಾ, ಆ ಅಂಗಿ ಈಗ ಅಣ್ಣನ ಮೈಗೆ ಹತ್ತಲ್ಲ. ಪೇಟೆ ಅನ್ನ ತಿಂದು ಊದಿರ್ತಾನೆ” ಅಂತಾಳೆ. ನಗಲಿ. ಅವಳೂ ನಿನ್ನೆ ಅದನ್ನು ಮೂಸಿ ನೋಡುತ್ತಿದ್ದುದನ್ನು ಕಂಡಿದ್ದೇನೆ.

ಈಗ ನಿನ್ನ ಕೆಲಸ. ಆ ರಿಕ್ಷಾದವನನ್ನು ಹುಡುಕು. ‘ನೀನು ನನ್ನ ಅಪ್ಪನಾ’ ಅಂತ ಬಾಯಿಬಿಟ್ಟು ಕೇಳಬೇಡ, ಪೇಟೆಯವರು ಹೂಂ ಅಂದುಬಿಡುತ್ತಾರೆ. ಮೊದಲು ಎಡಗಾಲು ನೋಡು. ಚಿಕ್ಕವನಿದ್ದಾಗ ಎಮ್ಮೆ ತುಳಿದು ನಿಮ್ಮಪ್ಪನ ಎಡಗಾಲಿನ ಹೆಬ್ಬೆರಳಿಗೆ ಉಗುರೇ ಇಲ್ಲ. ಬೆರಳು ನೋಡಿ ಬರೆ. ಬೇಗ ಬರೆ.

ಅಜ್ಜಿ,
ಯಾನ್

*

ಪ್ರೆಯ್ ಸ್ವಾಯ್,
ಆಶ್ವಯುಜ ಬಹುಳ ಚೌತಿ

ಕುಂಥಿಯಾ,

ಹೀಮ್ ಎರಡು ಸಲ ಬಂದುಹೋದ, ಎರಡು ಸಲವೂ ಬರಿಗೈ. “ನಿಮ್ಮ ಮೊಮ್ಮಗಳು ನನ್ನ ಕಾರು ಕಂಡ್ರೆ ಗೇಟಿನ ಒಳಗೆ ಹೋಗ್ತಾಳೆ ಯಾನಮ್ಮ” ಅಂದ. ಬೆರಳಿನಲ್ಲಿ ಉಗುರಿದೆ ಅಂತ ಬರೆಯಲು ಇಷ್ಟು ದಿನ ಬೇಕಾಗಿಲ್ಲ. ಇಲ್ಲ ಅಂತ ಬರೆಯಲೂ ಬೇಕಾಗಿಲ್ಲ. ಹಾಗಾದರೆ ನಿನ್ನ ಬಾಯಿ ಕಟ್ಟಿರುವುದು ಏನು?

ಇಲ್ಲಿಯ ವಿಷಯ ಬರೆಯುತ್ತೇನೆ. ಹೆದರಬೇಡ, ನಾನು ಹೆದರಿಲ್ಲ.

ಮಟಮಟ ಮಧ್ಯಾಹ್ನ, ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ನಮ್ಮ ಏಣಿಯ ಬುಡದ ಹಂಡೆಯಿಂದ ಯಾರೋ ನೀರು ಮೊಗೆದುಕೊಳ್ಳುವ ಸದ್ದು. ಒಂದು ತೆಂಗಿನ ಚಿಪ್ಪು, ಇನ್ನೊಂದು ಚಿಪ್ಪು. ಗದ್ದೆಯಿಂದ ಬಂದವರು ಮೇಲೆ ಹತ್ತುವ ಮುಂಚೆ ಕಾಲು ತೊಳೆಯುವ ಸದ್ದು, ಅದನ್ನು ನಾನು ನಿದ್ದೆಯಲ್ಲೂ ಗುರುತಿಸುತ್ತೇನೆ. ಬಗ್ಗಿ ನೋಡಿದರೆ ಯಾರೂ ಇಲ್ಲ. ಕೆಳಗಿನ ಮೆಟ್ಟಿಲು ಮಾತ್ರ ಒದ್ದೆ. ಅದರ ಮೇಲಿನದು ಒಣಗಿದೆ. ದಿನವೂ ಹೀಗೇ. ನಮ್ಮ ನಾಯಿ, ಭಿಕ್ಷುಗಳನ್ನು ಕಂಡರೂ ಬೊಗಳುವಂಥದ್ದು, ಆ ಹೊತ್ತಿಗೆ ಏಣಿಯ ಬುಡಕ್ಕೆ ಹೋಗಿ ಬಾಲ ಆಡಿಸುತ್ತ ಮಲಗುತ್ತದೆ.

ಪೋವ್ ಮೊದಲು ನಕ್ಕಳು. “ಅಣ್ಣನೇ ಆಗಿದ್ರೆ ಹತ್ತಿ ಬರ್ಲಿ. ಬೀಗರ ಮನೆಗೆ ಬಂದೋನ ಥರ ಕೆಳಗೆ ಯಾಕೆ ನಿಲ್ತಾನೆ?” ಅಂದಳು. ಈಗ ನಗುವುದಿಲ್ಲ. ಅವಳ ಕೂಸು ಮಧ್ಯಾಹ್ನವಾದರೆ ಹಾಲು ಬಿಟ್ಟು ಏಣಿಯ ಕಡೆ ನೋಡಿ ಕೇಕೆ ಹಾಕುತ್ತದೆ.

ಮುದುಕ ಆಚಾರ್ಯ ಮೀಸ್‌ನನ್ನು ಕರೆಸಿದೆ. ಅವನು ಮೆಟ್ಟಿಲು ಮುಟ್ಟಿ ನೋಡಿದ, ಕಂಬಕ್ಕೆ ಕಟ್ಟಿದ ಅಂಗಿ ನೋಡಿದ.

“ಯಾನ್, ನೀನು ಕರೆದಿದ್ದು ಬದುಕಿರೋನ್ನೋ, ಸತ್ತೋನ್ನೋ?”

“ನನ್ನ ಮಗನ್ನ.”

“ಅದು ಉತ್ತರ ಅಲ್ಲ.”

“ನಿನ್ನ ಪ್ರಶ್ನೆಗೆ ಅಷ್ಟೇ ಸಾಕು.”

“ಬದುಕಿರೋನಾದ್ರೆ ಒಳ್ಳೇದು, ಅವನ ಪ್ರಾಣ ಅವನಿಗೆ ಸೇರ್ಕೋತು. ಸತ್ತೋನಾದ್ರೆ ಕೇಳು, ಪಕ್ಷ ಮುಗಿದ ದಿನ ಆ ಲೋಕದ ಬಾಗಿಲು ಹಾಕ್ತಾರೆ. ಎಲ್ಲರೂ ವಾಪಸ್ ಹೋದ್ರು. ಇವನೊಬ್ಬ ನಿನ್ನ ದಾರ ಹಿಡ್ಕೊಂಡು ಹೊರಗೇ ಉಳ್ಕೊಂಡ. ಮೇಲೆ ಹತ್ತೋಕೆ ಪ್ರಾಣ ಇಲ್ಲ, ಹಿಂದೆ ಹೋಗೋಕೆ ನೀನು ಬಿಡ್ತಿಲ್ಲ.”

ಅವನ ಎಲೆಯಡಿಕೆಯನ್ನೂ ಕೊಡದೆ ಅಟ್ಟಿದೆ. ಆದರೆ ಕುಂಥಿಯಾ, ಈಗ ನೀನು ಬರೆಯಲೇಬೇಕು. ಬೆರಳಿನ ವಿಷಯವಲ್ಲ. ನೀನು ಕಂಡದ್ದೆಲ್ಲ.

ಅಜ್ಜಿ,
ಯಾನ್

*

ನೋಮ್ ಪೆನ್,
6 ನವೆಂಬರ್ 1994

ಅಜ್ಜಿ,

ಬರೆಯಲು ಕೂತು ಎದ್ದು, ಕೂತು ಎದ್ದು, ಇವತ್ತು ಬರೆಯುತ್ತಿದ್ದೇನೆ. ಪೋವ್ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಆ ರಿಕ್ಷಾದವರು ಸಿಕ್ಕಿದರು. ವಿಹಾರದ ಅಂಗಳದಲ್ಲೇ ಇರುತ್ತಾರೆ. ಮೊದಲು ಕಾಲು ನೋಡಿದೆ. ಹತ್ತು ಬೆರಳಿಗೂ ಉಗುರಿದೆ. ಅವರ ಹೆಸರು ಬುನ್ನಾ.

“ಅವತ್ತು ಸಾರುನ್ ಅಂತ ಕೂಗಿಸಿದ್ದು ನಾನು” ಅಂದೆ.

ಅವರು ನನ್ನ ಮುಖವನ್ನು ನೋಡಿದರು. “ನೀನಾ ತಾಯಿ? ಅದಕ್ಕೇ ನಾನು ತಲೆ ಎತ್ತಿದ್ದು. ಆ ಹೆಸರನ್ನ ಕೂಗಿಸೋನು ನಾನೊಬ್ಬನೇ. ಇನ್ಯಾರಪ್ಪ ಇದು ಅಂತ ಗಾಬರಿ ಆಯ್ತು.”

ಅಪ್ಪ ಮತ್ತು ಅವರು ಜೊತೆಯಲ್ಲಿ ರಿಕ್ಷಾ ತುಳಿಯುತ್ತಿದ್ದರಂತೆ, ಅದೇ ಬೋಧಿ ಮರದ ಕೆಳಗೆ ಮಲಗುತ್ತಿದ್ದರಂತೆ. ಬೇರೆ ಯಾರೋ ಸಾರುನ್ ಇರಬಹುದಲ್ಲ ಎಂದು ನಾನು ವಾದಿಸಿದೆ. ನಿಮ್ಮ ಮೊಮ್ಮಗಳಲ್ಲವೇ, ಚೆನ್ನಾಗಿಯೇ ವಾದಿಸಿದೆ. ಅವರು ನಕ್ಕರು. “ನಾನು ದಾರಿ ತಪ್ಪಿದಾಗೆಲ್ಲ ಬೈಯೋನು, ಕಿವಿ ಮನೇಲಿಟ್ಟು ಬಂದೋನೇ ಅಂತ. ಇದು ನಮ್ಮಮ್ಮನ ಬೈಗುಳ, ಸುಮ್ನೆ ಸಿಗಲ್ಲ ಅನ್ನೋನು” ಅಂದರು. ಎಡಗಾಲಿನ ಬೆರಳಿಗೆ ಉಗುರಿಲ್ಲದ್ದನ್ನೂ ನಾನು ಕೇಳದೆಯೇ ಹೇಳಿದರು. 

ಪೇಟೆ ಖಾಲಿ ಮಾಡಿಸಿದ ದಿನ ಅಪ್ಪನಿಗೆ ಭೇದಿ, ಜ್ವರ. ನಡೆಯಲು ಆಗುತ್ತಿರಲಿಲ್ಲ. ಬುನ್ನಾ ಅಪ್ಪನನ್ನು ತಮ್ಮ ರಿಕ್ಷಾದಲ್ಲಿ ಕೂರಿಸಿಕೊಂಡು ಜನರ ಜೊತೆ ಹೊರಟರು. ಬೇರೆ ದಿಕ್ಕಿಗೆ ಹೋಗೋಣ ಎಂದು ಅವರು ಹೇಳಿದರೆ ಅಪ್ಪ ಕೇಳಲಿಲ್ಲವಂತೆ. ನದಿ ದಾಟಬೇಕು, ಹೆಂಡತಿಗೆ ದಿನ ತುಂಬುತ್ತಿದೆ, ಮಗು ಹುಟ್ಟುವ ಹೊತ್ತಿಗೆ ಮನೆಯಲ್ಲಿರಬೇಕು, ಅದೊಂದೇ ಮಾತು. ಹಾಗಾಗಿ ದೋಣಿಕಟ್ಟೆಯ ದಾರಿ ಹಿಡಿದರು.

ನಿಮಗೆ ಗೊತ್ತಲ್ಲ, ನಮ್ಮ ರಿಕ್ಷಾದಲ್ಲಿ ಕೂತವರು ಮುಂದೆ, ತುಳಿಯುವವರು ಹಿಂದೆ. ಬುನ್ನಾ ಅವರಿಗೆ ಅಪ್ಪನ ಬೆನ್ನೂ ತಲೆಯೂ ಮಾತ್ರ ಕಾಣುತ್ತಿತ್ತು. “ಬೇಜಾರಾಗ್ದಿರ್ಲಿ ಅಂತ ನಾನು ಮಾತಾಡ್ತಾನೇ ಇದ್ದೆ ತಾಯಿ. ನಿನ್ನ ಮಗುಗೆ ಏನು ಹೆಸರಿಡ್ತೀಯ, ಗಂಡಾದ್ರೆ ರಿಕ್ಷಾ ಮಾತ್ರ ತುಳಿಸ್ಬೇಡ, ಅಂತೆಲ್ಲ. ದಿಬ್ಬ ಹತ್ತಿದ್ಮೇಲೆ ನದಿ ಕಾಣಿಸ್ತು. ನೋಡೋ, ಆಚೆ ದಡ ನಿಮ್ಮ ಕಡೆ ಅಂದೆ. ಅವನು ಏನೂ ಅನ್ಲಿಲ್ಲ. ನಿದ್ದೆ ಅಂದ್ಕೊಂಡೆ. ಇನ್ನೂ ಸುಮಾರು ದೂರ ಮಾತಾಡ್ತಾ ತುಳಿದೆ.” ಇಷ್ಟು ಹೇಳಿ ಅವರು ಎದ್ದು ಹೋಗಿ ಚಕ್ರಕ್ಕೆ ಗಾಳಿ ಹಾಕತೊಡಗಿದರು. ಅದರಲ್ಲಿ ಗಾಳಿ ಇತ್ತು ಅಜ್ಜಿ.

ನದಿಯ ಮರಳಿನಲ್ಲಿ, ತಮ್ಮ ಚೌಕುಳಿ ವಸ್ತ್ರ ಸುತ್ತಿ, ಆಚೆ ದಡಕ್ಕೆ ಮುಖ ಮಾಡಿಸಿ ಮಣ್ಣು ಮಾಡಿದರಂತೆ. ಕರಿಬಟ್ಟೆಯವರು ಹೋದ ಮೇಲೆ ಪೇಟೆಗೆ ಮರಳಿದಾಗಿನಿಂದ ವರ್ಷ ವರ್ಷವೂ ಪಕ್ಷದಲ್ಲಿ ಅಪ್ಪನ ಹೆಸರು ಕೂಗಿಸಿ ಪಿಂಡ ಇಟ್ಟಿದ್ದಾರೆ. ಊರಿನ ಹೆಸರು ಗೊತ್ತಿರಲಿಲ್ಲ, ಬರಿಯ ಹೆಸರನ್ನೇ ಕೂಗಿಸುತ್ತಿದ್ದರು. “ಅವನು ನಮ್ಮೂರು ನಮ್ಮೂರು ಅನ್ನೋನು. ಯಾವ ಊರೋ ಅಂತ ಕೇಳ್ಬೇಕು ಅಂತ ಆ ವಯಸ್ಸಲ್ಲಿ ಹೊಳೀಲಿಲ್ಲ ನಂಗೆ” ಅಂದರು.

ಅಪ್ಪ ಉಪವಾಸ ಇರಲಿಲ್ಲ ಅಜ್ಜಿ. ಇದನ್ನು ಮೊದಲು ಬರೆಯಬೇಕಿತ್ತು. ಕೊನೆಗೆ ಬರೆದಿದ್ದೇನೆ, ಬೈಯಿರಿ.

ನಿಮ್ಮ
ಕುಂಥಿಯಾ

*

ಪ್ರೆಯ್ ಸ್ವಾಯ್,
ಕಾರ್ತಿಕ ಶುದ್ಧ ದಶಮಿ

ಕುಂಥಿಯಾ,

ಆ ಬುನ್ನಾ ಸುಳ್ಳುಗಾರ ಅಂತ ಬರೆಯಲು ಕೂತೆ. ಬರೆಯಲಾಗಲಿಲ್ಲ. ಆ ಬೈಗುಳ ನನ್ನದೇ.

ಪೋವ್ ನೆಲ ಗುದ್ದಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ನನ್ನ ಮಗ ಉಪವಾಸ ಇರಲಿಲ್ಲ. ಹಡೆದವಳು ಬಿಗಿಹಿಡಿದ ತುತ್ತನ್ನು ದಾರಿಹೋಕನೊಬ್ಬ ಇಟ್ಟ. ಇದಕ್ಕೆ ಸಂತೋಷಪಡಬೇಕೋ ನಾಚಬೇಕೋ ತಿಳಿಯದೆ ಮೂರು ಹೊತ್ತು ಅನ್ನ ಬೇಯಿಸಿ ಹಂಡೆಯ ಪಕ್ಕದಲ್ಲಿಟ್ಟೆ.

ಊರು ತಿಳಿಯದೆ ಅವನು ಇಷ್ಟು ವರ್ಷ ಆ ಪೇಟೆಯಲ್ಲೇ ಸುತ್ತಿದ್ದಾನೆ. ನೀನು ಊರನ್ನೂ ನನ್ನ ಹೆಸರನ್ನೂ ಹೇಳಿದೆ, ದಾರಿ ಸಿಕ್ಕಿತು, ನದಿ ದಾಟಿದ. ಬಂದವನನ್ನು ನಾನು ಬದುಕಿದ್ದಾನೆಂದುಕೊಂಡು ದಾರ ಹಾಕಿ ಕಟ್ಟಿದೆ. ಮೀಸ್ ಹೇಳಿದ್ದು ನಿಜ. ಹುಣ್ಣಿಮೆಯ ದಿನ ದಾರ ಕತ್ತರಿಸಿ, ಬಾಳೆದಿಂಡಿನ ದೋಣಿ ಬಿಟ್ಟು ಕಳಿಸಿಕೊಡು ಅನ್ನುತ್ತಾನೆ. ಪೋವ್ ಕೂಡ ಅದನ್ನೇ ಅನ್ನುತ್ತಾಳೆ.

ಬಿಡುವುದಿಲ್ಲ ಅಂದೆ. ಇಷ್ಟು ದಿನ ಬಾರದಿದ್ದವನು ಬಂದಿದ್ದಾನೆ, ಕಾಲು ತೊಳೆದುಕೊಂಡು ನಿಂತಿದ್ದಾನೆ. ಯಾವ ತಾಯಿ ಹೋಗು ಅನ್ನುತ್ತಾಳೆ? ಹತ್ತದಿದ್ದರೆ ಹತ್ತದಿರಲಿ. ಕೆಳಗೇ ಇರಲಿ. ಮಧ್ಯಾಹ್ನ ನಾನೂ ಕೆಳಗೇ ಚಾಪೆ ಹಾಕಿಕೊಳ್ಳುತ್ತೇನೆ.

ಇದಕ್ಕೆ ನೀನು ಬುದ್ಧಿ ಹೇಳಿ ಕಾಗದ ಬರೆಯಬೇಡ.

ಯಾನ್

*

ಪ್ರೆಯ್ ಸ್ವಾಯ್,
ಕಾರ್ತಿಕ ಬಹುಳ ಷಷ್ಠಿ

ನನ್ನ ಕುಂಥಿಯಾ,

ನೀನು ಬುದ್ಧಿ ಹೇಳಿ ಬರೆಯಲಿಲ್ಲ. ಹೇಳಿದ ಮಾತನ್ನು ಕೇಳಿದ್ದು ಇದೇ ಮೊದಲು, ಅದೂ ಕೇಳಬಾರದಾಗಿದ್ದಾಗ.

ಹುಣ್ಣಿಮೆಯ ಹಿಂದಿನ ದಿನ, ಮಧ್ಯಾಹ್ನ. ನಾನು ಕೆಳಗೆ ಚಾಪೆಯ ಮೇಲೆ ಒರಗಿದ್ದೆ. ಪೋವ್ ಮೇಲೆ ಕೂಸನ್ನು ಪಕ್ಕದಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ನೀರು ಮೊಗೆಯುವ ಸದ್ದಾಯಿತು. ನಾಯಿ ಎದ್ದಿತು. ಮೇಲೆ ಕೂಸು ಕೇಕೆ ಹಾಕಿತು. ತಲೆ ಎತ್ತಿ ನೋಡುತ್ತೇನೆ, ಅದು ತೆವಳಿಕೊಂಡು ಬಂದು ಏಣಿಯ ತುದಿಯಲ್ಲಿದೆ. ಎರಡು ಕೈಯನ್ನೂ ಕೆಳಗೆ ಚಾಚಿದೆ, ಎತ್ತಿಕೊಳ್ಳಲು ಯಾರೋ ಕೈ ಚಾಚಿದರೆ ಮಕ್ಕಳು ಚಾಚುತ್ತವಲ್ಲ, ಹಾಗೆ. ಅರ್ಧ ಮೈ ಹೊರಗೆ ಬಾಗಿದೆ. ನಾನು ಕಿರುಚಿದೆ. ಪೋವ್ ಹಾರಿ ಬಂದು ಕಾಲು ಹಿಡಿದೆಳೆದಳು. ಇನ್ನು ಒಂದು ಉಸಿರು ತಡವಾಗಿದ್ದರೆ ನಮ್ಮ ಮನೆಯಲ್ಲಿ ಇನ್ನೊಂದು ಹೆಸರು ಕೂಗಿಸಬೇಕಾಗುತ್ತಿತ್ತು.

ಪೋವ್ ಏಣಿಯ ಮೇಲೆ ನಿಂತು ಬೈದಳು. “ನಿನ್ನ ಮಗನ ಮೇಲಿನ ಆಸೆಗೆ ನನ್ನ ಮಗೂನ ಕೊಡ್ಬೇಕೇನಮ್ಮಾ?”

ನಾನು ಒದ್ದೆ ಮೆಟ್ಟಿಲಿನ ಪಕ್ಕದಲ್ಲಿ ಕೂತೆ. ನಿಮ್ಮಪ್ಪ ಕೆಟ್ಟವನಲ್ಲ. ಮಗು ಹುಟ್ಟುವ ಹೊತ್ತಿಗೆ ಮನೆಯಲ್ಲಿರಬೇಕು ಅಂತ ಹೊರಟವನು ಅವನು. ಬಂದ, ಮನೆಯಲ್ಲಿ ಕೂಸಿನ ದನಿ ಕೇಳಿಸಿತು, ತನ್ನದೇ ಅಂದುಕೊಂಡ. ಸತ್ತವರಿಗೆ ವರ್ಷಗಳ ಲೆಕ್ಕ ಯಾರು ಹೇಳುತ್ತಾರೆ?

ನಾನೇ ಹೇಳಿದೆ. “ಸಾರುನ್, ಅದು ನಿನ್ನದಲ್ಲ ಮಗಾ, ನಿನ್ನ ತಂಗಿದು. ನಿನ್ನದು ಹುಟ್ಟಿ ಬೆಳೆದು ಪೇಟೆ ಸೇರಿದೆ. ಹೆಣ್ಣು. ಕುಂಥಿಯಾ ಅಂತ ಹೆಸರು, ನಿನ್ನ ಹೆಂಡತಿ ಇಟ್ಟಿದ್ದು. ಟೀಚರಾಗ್ತಾಳಂತೆ. ನಿನ್ನ ಹೆಸರು ಕೂಗಿಸಿ ದಾರಿ ತೋರಿಸಿದ್ಲಲ್ಲ, ಅವಳೇ. ಮೂಗು ನಿನ್ನದೇ.” ಇಷ್ಟು ವರ್ಷ ಆ ಹೆಸರನ್ನು ನುಂಗಿಕೊಂಡವಳು ಅವತ್ತು ಕರೆದಿದ್ದೇ ಕರೆದಿದ್ದು. ಗಂಟಲು ಬಿದ್ದುಹೋಯಿತು. ನಾಯಿ ಒಮ್ಮೆ ನನ್ನ ಕಡೆ, ಒಮ್ಮೆ ಮೆಟ್ಟಿಲಿನ ಕಡೆ ನೋಡುತ್ತಿತ್ತು.

ಮರುದಿನ ಬಾಳೆದಿಂಡು ಕಡಿದು ನಾನೇ ದೋಣಿ ಮಾಡಿದೆ. ಹೊಸ ಅವಲಕ್ಕಿ, ಬಾಳೆಹಣ್ಣು, ಒಣಮೀನು, ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು ಎಲ್ಲ ಇಟ್ಟೆ. ಪೋವ್ ಕಂಬದಿಂದ ಅಂಗಿ ಬಿಚ್ಚಿದಳು. ದಾರ ಕತ್ತರಿಸಲು ಮೀಸ್ ಕೈ ಚಾಚಿದ. “ನಿನ್ನ ಮಗನಿಗೆ ನೀನು ಕತ್ತರಿಸ್ಕೋ” ಅಂದು ಕತ್ತಿ ಕಿತ್ತುಕೊಂಡು ನಾನೇ ಕತ್ತರಿಸಿ, ಅಂಗಿಯನ್ನು ದೋಣಿಯಲ್ಲಿಟ್ಟೆ. ಸಂಜೆ ಚಂದ್ರ ಮೂಡುವ ಹೊತ್ತಿಗೆ, ಊರಿನವರೆಲ್ಲ ಹಬ್ಬದ ದೀಪ ಬಿಡಲು ಬಂದಿದ್ದಾಗ, ನಾವೂ ಹೊಳೆಗೆ ಹೋದೆವು. ದೀಪ ಹಚ್ಚಿ ದೋಣಿ ಬಿಟ್ಟೆ. ಅದು ಸ್ವಲ್ಪ ದೂರ ಹೋಗಿ ಜೊಂಡಿಗೆ ಸಿಕ್ಕಿಕೊಂಡಿತು. ಎಲ್ಲರೂ ನನ್ನ ಮುಖ ನೋಡಿದರು. ವಾಪಸು ತೆಗೆದುಕೊಂಡುಬಿಡಲೇ ಅನ್ನಿಸಿತು, ಸುಳ್ಳೇಕೆ ಹೇಳಲಿ. ಸೊಂಟದವರೆಗೂ ನೀರಿಗಿಳಿದು, ಅಂಗೈಯಿಂದ ಅದರ ಹಿಂಭಾಗವನ್ನು ತಳ್ಳಿದೆ. ಚಿಕ್ಕವನಿದ್ದಾಗ ಶಾಲೆಗೆ ಹೊರಡಲು ಹಟ ಮಾಡಿದರೆ ಹೀಗೇ ಬೆನ್ನಿಗೆ ಕೈ ಹಚ್ಚಿ ತಳ್ಳುತ್ತಿದ್ದೆ. ಹೋಯಿತು. ಉಳಿದ ದೀಪಗಳ ನಡುವೆ ಸೇರಿದ ಮೇಲೆ ಯಾವುದು ನನ್ನದು ಅಂತ ಗೊತ್ತಾಗಲಿಲ್ಲ.

ಅವತ್ತಿನಿಂದ ಮೆಟ್ಟಿಲು ಒಣಗಿದೆ. ಕೂಸು ಮಧ್ಯಾಹ್ನ ನಿದ್ದೆ ಮಾಡುತ್ತದೆ. ನಾನು ಮಾಡುವುದಿಲ್ಲ. ಹಂಡೆಯ ಕಡೆ ಕಿವಿ ಇಟ್ಟುಕೊಂಡು ಮಲಗಿರುತ್ತೇನೆ. ಸದ್ದಾಗುವುದಿಲ್ಲ ಅಂತ ಗೊತ್ತಿದ್ದೂ ಇಟ್ಟಿರುತ್ತೇನೆ. ಇದನ್ನು ಪೋವ್‌ಗೆ ಹೇಳಬೇಡ.

ಇನ್ನು ನೀನು ಅಲ್ಲಿ ರಿಕ್ಷಾದವರ ಮುಖ ನೋಡುವುದನ್ನು ಬಿಡು. ಪುಸ್ತಕ ನೋಡು.

ಆ ಬುನ್ನಾನ ಮಾತು. ನೀನು ಅವನ ಬಾಯಿಂದ ನಮ್ಮ ಮನೆಯ ಸಾವನ್ನೆಲ್ಲ ಕೇಳಿಕೊಂಡು ಬಂದೆ. ಅವನದನ್ನು ಕೇಳಿದೆಯಾ? ವಿಹಾರದ ಮರದ ಕೆಳಗೆ ಮಲಗುವವನಿಗೆ ಮನೆ ಎಲ್ಲಿ, ಹೆಂಡತಿ ಎಲ್ಲಿ, ಹಡೆದವಳು ಎಲ್ಲಿ? ಅವಳು ಇದ್ದಾಳೋ ಇಲ್ಲವೋ ಅಂತ ಅವನಿಗಾದರೂ ಗೊತ್ತಾ? ಅವನ ಹೆಸರನ್ನು ನಾಳೆ ಯಾರು ಕೂಗುತ್ತಾರೆ? ಯಾರೂ ಇಲ್ಲದಿದ್ದರೆ ನಾವಿದ್ದೇವೆ ಅಂತ ಹೇಳು. ಸಾಯಲಿ ಅಂತ ಕಾಯುತ್ತಿದ್ದೇವೆ ಅನ್ನುವ ಹಾಗೆ ಹೇಳಬೇಡ, ನಿನ್ನ ಬಾಯಿ ನನಗೆ ಗೊತ್ತು. ಕೊಯ್ಲಿಗೆ ಬರುವಾಗ ಅವನನ್ನೂ ಹೀಮ್‌ನ ಕಾರಿನಲ್ಲಿ ಹತ್ತಿಸಿಕೊಂಡು ಬಾ. ಅವನು ನದಿ ದಾಟಲು ಒಪ್ಪದಿದ್ದರೆ ಕೈ ಹಿಡಿದುಕೊಂಡು ದಾಟಿಸು. ಬದುಕಿರುವಾಗಲೇ ಈ ಏಣಿ ಹತ್ತಲಿ, ಬದುಕಿರುವಾಗಲೇ ಉಣ್ಣಲಿ.

ಮೊದಲು ಅವನ ಊರು ಯಾವುದು, ತಾಯಿಯ ಹೆಸರೇನು, ಅವನವರಲ್ಲಿ ಯಾರು ಉಳಿದಿದ್ದಾರೆ, ಚೆನ್ನಾಗಿ ವಿಚಾರಿಸು. ವಿಚಾರಿಸಿ, ಮಾರ್ಗಶಿರ ಹುಟ್ಟುವ ಮೊದಲು ನನಗೆ ಉತ್ತರ ಬರೆ.

ನಿನ್ನ ಅಜ್ಜಿ,
ಸಾರುನ್‌ನ ತಾಯಿ,
ಯಾನ್